ಮೂಲ ಶ್ರುತಿ ಗೊತ್ತಿದ್ದರೆ



ರೈಲು ಸೀಟಿ ಹೊಡೆಯುತ್ತಾ ಹತ್ತಿರ ಬಂದ ಹಾಗೆಲ್ಲ ಅದರ ಸ್ವರ ಏರುತ್ತಾ ಹೋಗುತ್ತದೆ, ದೂರ ಹೋದ ಹಾಗೆಲ್ಲ ಇಳಿಯುತ್ತಾ ಹೋಗುತ್ತದೆ ಎಂದು ನಮ್ಮಲ್ಲಿ ಬಹಳ ಮಂದಿ ನಂಬಿದ್ದಾರೆ. ನಿಜದಲ್ಲಿ ಹಾಗಾಗುವುದಿಲ್ಲ. ಏರುವುದು ಸದ್ದಿನ ಗಟ್ಟಿತನ. ಒಂದೇ ವೇಗದಲ್ಲಿ ನೇರವಾಗಿ ನಮ್ಮತ್ತ ಬರುವ ರೈಲಿನ ಸೀಟಿ ಒಂದು ಕಿಲೋಮೀಟರ್ ಆಚೆ ಯಾವ ಸ್ವರದಲ್ಲಿತ್ತೋ, ನೂರು ಮೀಟರ್ ಹತ್ತಿರಕ್ಕೆ ಬಂದಾಗಲೂ ಹೆಚ್ಚುಕಡಿಮೆ ಅದೇ ಸ್ವರದಲ್ಲಿರುತ್ತದೆ. ಎಂಜಿನ್ ನಮ್ಮೆದುರು ಹಾದುಹೋಗುವ ಒಂದೆರಡು ಕ್ಷಣಗಳಲ್ಲಿ ಮಾತ್ರ ಅದು ಜಾರುತ್ತದೆ. ಜಾರಿದ ಮೇಲೆ ಇಳಿದ ಸ್ಥಾನದಲ್ಲೇ ನಿಂತುಬಿಡುತ್ತದೆ. ಸ್ವರಕ್ಕೆ ದೂರದ ಗೊಡವೆಯಿಲ್ಲ. ಅದಕ್ಕೆ ಬೇಕಾದ್ದು ವೇಗ, ಅದರಲ್ಲೂ ಕೇಳುವವನ ಕಡೆಗೆ ಎಷ್ಟು ವೇಗ, ಅವನಿಂದ ಆಚೆಗೆ ಎಷ್ಟು ವೇಗ ಎಂಬುದಷ್ಟೇ.

ಇದು ಯಾಕೆ ಹೀಗೆ ಎಂಬುದನ್ನು ಸಣ್ಣ ಲೆಕ್ಕದಲ್ಲಿ ನೋಡೋಣ. ಪೆನ್ನು ಕಾಗದ ಬೇಡ, ಮನಸ್ಸಿನಲ್ಲೇ ಮಾಡಬಹುದು. ಇಪ್ಪತ್ತು ಡಿಗ್ರಿ ಹವೆಯಲ್ಲಿ ಸದ್ದು ಸೆಕೆಂಡಿಗೆ 343 ಮೀಟರ್ ಸಾಗುತ್ತದೆ. ನಮ್ಮ ಸೀಟಿಯೂ ಸೆಕೆಂಡಿಗೆ 343 ಸಲ ಕಂಪಿಸುತ್ತದೆ ಎಂದಿಟ್ಟುಕೊಳ್ಳಿ. ರೈಲು ನಿಂತಿದ್ದರೆ ಒಂದು ಸೆಕೆಂಡಿನಲ್ಲಿ ಹೊರಟ 343 ಅಲೆಗಳು 343 ಮೀಟರ್ ಉದ್ದಕ್ಕೆ ಹಾಸಿಕೊಳ್ಳುತ್ತವೆ, ಅಲೆಗೆ ಒಂದು ಮೀಟರಿನ ಹಾಗೆ. ಈಗ ರೈಲು ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೊರಟಿದೆ, ಅಂದರೆ ಸೆಕೆಂಡಿಗೆ 20 ಮೀಟರ್. ಮೊದಲನೆಯ ಅಲೆ 343 ಮೀಟರ್ ಮುಟ್ಟುವ ಹೊತ್ತಿಗೆ ಸೀಟಿಯೇ 20 ಮೀಟರ್ ಮುಂದೆ ಬಂದಿರುತ್ತದೆ. ಹಾಗಾಗಿ ಅಷ್ಟೂ ಅಲೆಗಳು ಮುಂದಿನ 323 ಮೀಟರಿನಲ್ಲಿ ಒತ್ತಾಗಿ ಸೇರಬೇಕು. ಹಿಂದೆ ಬಿಟ್ಟುಬಂದ ಅಲೆಗಳಿಗೆ 363 ಮೀಟರ್ ಜಾಗ ಸಿಕ್ಕಿದೆ, ಅವು ಸಡಿಲವಾಗಿವೆ. ಮುಂದೆ ನಿಂತವನ ಕಿವಿಗೆ ಸೆಕೆಂಡಿಗೆ ಸುಮಾರು 364 ಅಲೆ ಬಡಿಯುತ್ತವೆ, ಹಿಂದೆ ನಿಂತವನಿಗೆ ಸುಮಾರು 324. ಎಂಜಿನ್ನಿನಲ್ಲಿ ಕುಳಿತ ಲೋಕೋ ಪೈಲಟ್‌ಗೆ ಉದ್ದಕ್ಕೂ 343. ಮೂವರು ಕೇಳಿದ್ದೂ ನಿಜವೇ.

ಸಂಗೀತ ಬಲ್ಲ ಕೇಳುಗರಿಗೆ ಒಂದು ಮಾತು. 364ಕ್ಕೂ 324ಕ್ಕೂ ಇರುವ ಅನುಪಾತ ಒಂಬತ್ತಕ್ಕೆ ಎಂಟು ಎನ್ನುವುದಕ್ಕೆ ತೀರಾ ಹತ್ತಿರ. ಅದು ಚತುಶ್ರುತಿ ರಿಷಭಕ್ಕೂ ಷಡ್ಜಕ್ಕೂ ಇರುವ ಅಂತರ. ಗಂಟೆಗೆ 72 ಕಿಲೋಮೀಟರ್ ವೇಗದ ರೈಲು ನಿಮ್ಮನ್ನು ದಾಟುವಾಗ ಅದರ ಸೀಟಿ ರಿಷಭದಿಂದ ಷಡ್ಜಕ್ಕೆ ಜಾರಿತು ಎಂದು ನಿಸ್ಸಂಕೋಚವಾಗಿ ಹೇಳಬಹುದು. ಕಿವಿ ಪಳಗಿದವರು ಜಾರುವಿಕೆಯನ್ನು ಕೇಳಿಯೇ ರೈಲಿನ ವೇಗವನ್ನು ಹೇಳಿಬಿಡಬಹುದು. ಇದರಲ್ಲಿ ಯಾವ ಅತಿಶಯೋಕ್ತಿಯೂ ಇಲ್ಲ, ಇದು ಬರೀ ಅಂಕಗಣಿತ.

ಇಲ್ಲೊಂದು ಸೂಕ್ಷ್ಮವಿದೆ. ಈ ಭಾಷಣವೆಲ್ಲ ಅದರ ಮೇಲೆಯೇ ನಿಂತಿದೆ. ರೈಲು ದಾಟುವುದನ್ನು ಕೇಳದೆ, ಸುಮ್ಮನೆ 364ರ ಸ್ವರವೊಂದು ಕಿವಿಗೆ ಬಿದ್ದರೆ ಅದರಿಂದ ನಮಗೆ ಏನೂ ತಿಳಿಯುವುದಿಲ್ಲ. ಅದು ಓಡುವ ರೈಲಿನ 343ರ ಸೀಟಿಯೂ ಆಗಿರಬಹುದು, ನಿಂತ ರೈಲಿನ 364ರ ಸೀಟಿಯೂ ಆಗಿರಬಹುದು. ಸೀಟಿಯ ಮೂಲ ಶ್ರುತಿ 343 ಎಂದು ಬೇರೆ ದಾರಿಯಿಂದ ಗೊತ್ತಿದ್ದರೆ ಮಾತ್ರ, ಕೇಳಿಬಂದ 364 ನಮಗೆ ವೇಗವನ್ನು ಹೇಳುತ್ತದೆ. ಮೂಲ ಶ್ರುತಿ ತಿಳಿದವನಿಗೆ ಚಲನೆ ತಿಳಿಯುತ್ತದೆ. ಕಳೆದ ನೂರೆಂಬತ್ತು ವರ್ಷಗಳಲ್ಲಿ ಈ ತತ್ತ್ವದಿಂದ ಮನುಷ್ಯ ಕಂಡುಕೊಂಡ ಪ್ರತಿಯೊಂದರ ಹಿಂದೆಯೂ ಮೂಲ ಶ್ರುತಿಯನ್ನು ಹುಡುಕಿದ ಕಥೆಯೇ ಇದೆ.

ಅತ್ತ ಹೋಗುವ ಮುನ್ನ ಆ ಲೆಕ್ಕವನ್ನು ಇನ್ನಷ್ಟು ಎಳೆದು ನೋಡೋಣ. ಸೀಟಿಯೇ ಸೆಕೆಂಡಿಗೆ 343 ಮೀಟರ್ ವೇಗದಲ್ಲಿ ಬಂದರೆ? ಮುಂದೆ ಹೋಗಬೇಕಾದ ಅಲೆಗಳಿಗೆ ಜಾಗವೇ ಉಳಿಯುವುದಿಲ್ಲ. ಒಂದರ ಮೇಲೊಂದು ಪೇರಿಕೊಂಡು ಒಂದೇ ಏಟಾಗಿ ಬಡಿಯುತ್ತವೆ. 2020ರ ಮೇ 20ರ ಮಧ್ಯಾಹ್ನ ಬೆಂಗಳೂರಿನ ಅರ್ಧ ಊರು ಬೆಚ್ಚಿಬಿದ್ದ ಆ ದೊಡ್ಡ ಸದ್ದನ್ನು ನಿಮ್ಮಲ್ಲಿ ಎಷ್ಟೋ ಜನ ಕೇಳಿರುತ್ತೀರಿ. ವಾಯುಪಡೆಯ ವಿಮಾನವೊಂದು ಶಬ್ದವನ್ನು ಮೀರಿದ ವೇಗದ ಪರೀಕ್ಷೆಯಲ್ಲಿ ಹಾರಿತ್ತೆಂದು ಆ ಸಂಜೆ ರಕ್ಷಣಾ ಇಲಾಖೆ ತಿಳಿಸಿತು.

ಈ ತತ್ತ್ವವನ್ನು ಮೊದಲು ಹೇಳಿದವನು ಕ್ರಿಶ್ಚಿಯನ್ ಡಾಪ್ಲರ್. ಆಸ್ಟ್ರಿಯದ ಸಾಲ್ಸ್‌ಬರ್ಗ್‌ನಲ್ಲಿ 1803ರಲ್ಲಿ ಕಲ್ಲುಕುಟಿಗರ ಮನೆಯಲ್ಲಿ ಹುಟ್ಟಿದವನು. ಮೈಯಲ್ಲಿ ಕಸುವಿಲ್ಲದ ಹುಡುಗ, ಮನೆಯ ಕಸುಬಿಗೆ ಒಗ್ಗುವಂತಿರಲಿಲ್ಲ. ಅದಕ್ಕೇ ಓದಿಗೆ ಹಚ್ಚಿದರು. ಮುಂದೆ ಪ್ರಾಗ್ ನಗರದ ತಾಂತ್ರಿಕ ಶಾಲೆಯಲ್ಲಿ ಗಣಿತದ ಅಧ್ಯಾಪಕನಾದ. 1842ರ ಮೇ 25ರಂದು ಅಲ್ಲಿನ ಬೊಹೀಮಿಯದ ವಿಜ್ಞಾನ ಸಂಘದಲ್ಲಿ, ಬೆರಳೆಣಿಕೆಯಷ್ಟು ಕೇಳುಗರ ಮುಂದೆ, ಒಂದು ಪ್ರಬಂಧ ಓದಿದ. ಜೋಡಿ ನಕ್ಷತ್ರಗಳ ಬಣ್ಣದ ಬೆಳಕನ್ನು ಕುರಿತದ್ದು ಅದು. ಹೌದು, ಅವನ ಮನಸ್ಸಿನಲ್ಲಿ ಇದ್ದದ್ದು ನಕ್ಷತ್ರ. ಬೆಳಕೂ ಅಲೆ, ಆದ್ದರಿಂದ ನಮ್ಮತ್ತ ಬರುವ ನಕ್ಷತ್ರದ ಬೆಳಕು ನೀಲಿಯ ಕಡೆಗೂ, ದೂರ ಸರಿಯುವ ನಕ್ಷತ್ರದ ಬೆಳಕು ಕೆಂಪಿನ ಕಡೆಗೂ ಸರಿಯಬೇಕು ಎಂದ. ತತ್ತ್ವ ಸರಿ. ಆದರೆ ಎಲ್ಲ ನಕ್ಷತ್ರಗಳ ಸಹಜ ಬಣ್ಣ ಬಿಳಿ, ಆಕಾಶದಲ್ಲಿ ಕಾಣುವ ಕೆಂಪು ನೀಲಿಗಳೆಲ್ಲ ಅವುಗಳ ಓಟದಿಂದ ಬಂದದ್ದು ಎಂದೂ ಹೇಳಿದ. ಅದು ತಪ್ಪು. ನಕ್ಷತ್ರದ ಬಣ್ಣ ಅದರ ಕಾವಿನದು. ಸೆಕೆಂಡಿಗೆ ಹತ್ತಿಪ್ಪತ್ತು ಕಿಲೋಮೀಟರ್ ಸಾಗುವ ನಕ್ಷತ್ರದ ಬಣ್ಣದಲ್ಲಿ, ಮೂರು ಲಕ್ಷ ಕಿಲೋಮೀಟರ್ ವೇಗದ ಬೆಳಕಿನ ಮುಂದೆ, ಕಣ್ಣಿಗೆ ಕಾಣುವ ಬದಲಾವಣೆ ಆಗುವುದೇ ಇಲ್ಲ. ಡಾಪ್ಲರ್ ಎಡವಿದ್ದು ಎಲ್ಲಿ ಎಂಬುದು ಈಗ ನಿಮಗೂ ಹೊಳೆದಿರಬೇಕು. ನಕ್ಷತ್ರದ ಮೂಲ ಶ್ರುತಿ ಅವನಿಗೆ ಗೊತ್ತಿರಲಿಲ್ಲ. ಬಿಳಿ ಎಂದು ಊಹಿಸಿಕೊಂಡ.

ಊಹೆ ತಪ್ಪಿದರೂ ತತ್ತ್ವ ಉಳಿದದ್ದು ನೆದರ್ಲೆಂಡ್ಸ್‌ನ ಒಬ್ಬ ಇಪ್ಪತ್ತೇಳು ವರ್ಷದ ತರುಣನಿಂದ. ಅವನ ಹೆಸರು ಬೈಸ್ ಬಲ್ಲಾಟ್. ಅವನಿಗೆ ಡಾಪ್ಲರನ ನಕ್ಷತ್ರದ ಮಾತಿನಲ್ಲಿ ನಂಬಿಕೆ ಇರಲಿಲ್ಲ. ಪರೀಕ್ಷಿಸಿಯೇ ಬಿಡೋಣ ಎಂದುಕೊಂಡ. ಆಗಷ್ಟೇ ಆ ದೇಶಕ್ಕೆ ರೈಲು ಬಂದಿತ್ತು. ಮನುಷ್ಯನ ಇತಿಹಾಸದಲ್ಲಿ ಸಂಗೀತಗಾರರನ್ನು ಕುದುರೆಗಿಂತ ವೇಗವಾಗಿ ಒಯ್ಯುವ ವಾಹನ ಅದೇ ಮೊದಲು. ಸರ್ಕಾರದ ಒಪ್ಪಿಗೆ ಪಡೆದು, ಎಂಜಿನ್ನಿಗೆ ತೆರೆದ ಬಂಡಿಯೊಂದನ್ನು ಕಟ್ಟಿಸಿ, ಕಹಳೆ ವಾದಕರನ್ನು ಅದರಲ್ಲಿ ಕೂರಿಸಿದ. ಉಟ್ರೆಕ್ಟ್‌ನಿಂದ ಮಾರ್ಸೆನ್‌ಗೆ ಹೋಗುವ ಹಳಿಯ ಪಕ್ಕದಲ್ಲಿ ಅಲ್ಲಲ್ಲಿ ಶ್ರುತಿಜ್ಞಾನ ಗಟ್ಟಿಯಾಗಿದ್ದ ಸಂಗೀತಗಾರರನ್ನು ನಿಲ್ಲಿಸಿದ. 1845ರ ಫೆಬ್ರವರಿಯ ಮೊದಲ ಪ್ರಯತ್ನ ಕೆಟ್ಟ ಹವೆಯಿಂದ ಹಾಳಾಯಿತು. ಜೂನ್ ತಿಂಗಳಲ್ಲಿ ಮತ್ತೆ ಎಲ್ಲರನ್ನೂ ಸೇರಿಸಿದ. ಬಂಡಿಯಲ್ಲಿ ಕಹಳೆ, ನೆಲದಲ್ಲಿ ಕಿವಿ ಒಂದು ಸಲ. ನೆಲದಲ್ಲಿ ಕಹಳೆ, ಬಂಡಿಯಲ್ಲಿ ಕಿವಿ ಇನ್ನೊಂದು ಸಲ.

ಈ ಪ್ರಯೋಗವನ್ನು ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ಆಗ ಧ್ವನಿಮುದ್ರಣ ಯಂತ್ರವಿರಲಿಲ್ಲ, ಕಂಪನ ಎಣಿಸುವ ಮೀಟರ್ ಇರಲಿಲ್ಲ. ಎಂಜಿನ್ನಿನ ಗದ್ದಲದ ನಡುವೆ ಅರ್ಧ ಸ್ವರ, ಅದಕ್ಕೂ ಕಡಿಮೆಯ ವ್ಯತ್ಯಾಸವನ್ನು ಹಿಡಿಯಬೇಕಾದದ್ದು ಬರಿಯ ಕಿವಿ. ಆ ಕೆಲಸವನ್ನು ವಾದಕರು ಮಾಡಿಕೊಟ್ಟರು. ಇಲ್ಲಿ ಮೂಲ ಶ್ರುತಿ ಎಲ್ಲರಿಗೂ ಗೊತ್ತಿತ್ತು, ಕಹಳೆಯ ಸ್ವರವನ್ನು ಮೊದಲೇ ಕೂಡಿಸಿಕೊಂಡಿದ್ದರು. ಅದಕ್ಕೇ ಫಲ ಸಿಕ್ಕಿತು. ರೈಲು ಬರುವಾಗ ಸ್ವರ ಮೇಲೆ, ಹೋಗುವಾಗ ಕೆಳಗೆ, ಲೆಕ್ಕ ಹೇಳಿದ ಹಾಗೆಯೇ. ತಾನು ನಂಬದೆ ಹೊರಟ ತತ್ತ್ವ ಸದ್ದಿನ ಮಟ್ಟಿಗೆ ನಿಜವೆಂದು ಬೈಸ್ ಬಲ್ಲಾಟ್ ಒಪ್ಪಿ ಬರೆದ. ನಕ್ಷತ್ರದ ಬಣ್ಣದ ವಿಷಯದಲ್ಲಿ ಡಾಪ್ಲರ್ ಹೇಳಿದ್ದು ಸರಿಯಲ್ಲ ಎಂಬ ಮಾತನ್ನೂ ಬಿಡಲಿಲ್ಲ. ಎರಡರಲ್ಲೂ ಅವನೇ ಸರಿ. ಇದೇ ಬೈಸ್ ಬಲ್ಲಾಟ್ 1854ರಲ್ಲಿ ತನ್ನ ದೇಶದ ಹವಾಮಾನ ಸಂಸ್ಥೆಯನ್ನು ಕಟ್ಟಿದ, ಗಾಳಿಯ ದಿಕ್ಕಿಗೂ ವಾಯುಭಾರಕ್ಕೂ ಇರುವ ನಿಯಮವನ್ನು ಹೇಳಿದ. ಇಂದು ಚಂಡಮಾರುತ ಬರುವಾಗ ಅದರೊಳಗಿನ ಗಾಳಿ ಎಷ್ಟು ರಭಸದ್ದು ಎಂದು ಕರಾವಳಿಯ ಹವಾಮಾನ ರಾಡಾರುಗಳು ಅಳೆಯುವುದು ಮಳೆಹನಿಗಳಿಗೆ ತಾಗಿ ಮರಳುವ ರೇಡಿಯೋ ಅಲೆಗಳ ಶ್ರುತಿಯಿಂದ. ಅವನ ಎರಡು ಕೆಲಸಗಳು ಹೀಗೆ ಒಂದೇ ಯಂತ್ರದಲ್ಲಿ ಕೂಡಿಕೊಂಡಿವೆ.

ಡಾಪ್ಲರ್ ಹೆಚ್ಚು ದಿನ ಬದುಕಲಿಲ್ಲ. ವಿಯೆನ್ನಾ ವಿಶ್ವವಿದ್ಯಾಲಯದ ಭೌತವಿಜ್ಞಾನ ಸಂಸ್ಥೆಗೆ 1850ರಲ್ಲಿ ಮುಖ್ಯಸ್ಥನಾದ. ಬಟಾಣಿ ಗಿಡಗಳಿಂದ ಆನುವಂಶಿಕತೆಯ ನಿಯಮ ಕಂಡ ಗ್ರೆಗರ್ ಮೆಂಡೆಲ್ ಅಲ್ಲಿ ಅವನ ವಿದ್ಯಾರ್ಥಿ. 1852ರಲ್ಲಿ ಅಲ್ಲಿಯ ಹೆಸರಾಂತ ಗಣಿತಜ್ಞ ಪೆಟ್ಜ್‌ವಾಲ್ ಈ ತತ್ತ್ವವನ್ನೇ ಕಟುವಾಗಿ ಅಲ್ಲಗಳೆದ. ಕಾಯಿಲೆಯಿಂದ ಬಳಲುತ್ತಿದ್ದ ಡಾಪ್ಲರ್ ಬೆಚ್ಚನೆಯ ಹವೆ ಅರಸಿ ವೆನಿಸ್‌ಗೆ ಹೋದ. 1853ರ ಮಾರ್ಚ್ 17ರಂದು ಅಲ್ಲೇ ತೀರಿಕೊಂಡ. ಆಗ ಅವನಿಗೆ ನಲವತ್ತೊಂಬತ್ತು ವರ್ಷ.

ನಕ್ಷತ್ರದ ಮೂಲ ಶ್ರುತಿ ಸಿಕ್ಕಿದ್ದು ಬೇರೆ ಕಡೆಯಿಂದ. ಸೂರ್ಯನ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದರೆ ಆ ಪಟ್ಟಿಯ ನಡುನಡುವೆ ಸಣ್ಣ ಕಪ್ಪು ಗೆರೆಗಳು ಕಾಣುತ್ತವೆ. ಜರ್ಮನಿಯ ಫ್ರಾನ್‌ಹೋಫರ್ ಅವುಗಳನ್ನು ಎಣಿಸಿ ಗುರುತಿಸಿದ್ದ. ಒಂದೊಂದು ಗೆರೆಯೂ ಒಂದೊಂದು ಮೂಲವಸ್ತುವಿನ ಗುರುತು. ಸೋಡಿಯಂನ ಗೆರೆ ಪ್ರಯೋಗಶಾಲೆಯ ಜ್ವಾಲೆಯಲ್ಲಿ ಎಲ್ಲಿರುತ್ತದೋ ಸೋಡಿಯಂ ಇರುವ ನಕ್ಷತ್ರದಲ್ಲೂ ಅಲ್ಲೇ ಇರಬೇಕು. ಇಲ್ಲದಿದ್ದರೆ ನಕ್ಷತ್ರ ಚಲಿಸುತ್ತಿದೆ. ಬಣ್ಣವನ್ನು ಬಿಡಿ, ಗೆರೆಯ ಸ್ಥಾನ ನೋಡಿ ಎಂದು 1848ರಲ್ಲಿ ಹೇಳಿದವನು ಫ್ರಾನ್ಸಿನ ಫಿಜೋ. ಇಪ್ಪತ್ತು ವರ್ಷ ಬಿಟ್ಟು, 1868ರಲ್ಲಿ, ಲಂಡನ್ನಿನ ವಿಲಿಯಂ ಹಗಿನ್ಸ್ ಲುಬ್ಧಕ ನಕ್ಷತ್ರದ ಹೈಡ್ರೋಜನ್ ಗೆರೆಯನ್ನು ದೂರದರ್ಶಕಕ್ಕೆ ಕಣ್ಣಿಟ್ಟು ಅಳೆದ. ಲುಬ್ಧಕ ಸೆಕೆಂಡಿಗೆ ನಲವತ್ತು ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನಮ್ಮಿಂದ ದೂರ ಹೋಗುತ್ತಿದೆ ಎಂಬ ಉತ್ತರ ಬಂತು. ಇಂದು ನಮಗೆ ಗೊತ್ತು, ಅದು ಸುಮಾರು ಐದೂವರೆ ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದೆ. ಹಾಗೆಂದು ಹಗಿನ್ಸ್‌ನನ್ನು ಕಡಿಮೆ ಮಾಡಬೇಕಿಲ್ಲ. ದಾರಿ ಸರಿಯಿತ್ತು, ಸಲಕರಣೆ ಸಾಲದಾಗಿತ್ತು. ಫೋಟೋ ತಟ್ಟೆಗಳು ಬಂದ ಮೇಲೆ ಅದೇ ದಾರಿಯಲ್ಲಿ ನಿಖರವಾದ ಅಂಕೆಗಳು ಸಿಗತೊಡಗಿದವು.

ಈ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನಮ್ಮ ನೆರೆಯಲ್ಲೇ, ಕೊಡೈಕೆನಾಲಿನ ಬೆಟ್ಟದ ಮೇಲೆ. ಸೂರ್ಯನನ್ನು ನೋಡಲೆಂದೇ ಕಟ್ಟಿದ ಅಲ್ಲಿನ ವೀಕ್ಷಣಾಲಯ ಇಂದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಗೆ ಸೇರಿದೆ. 1909ರ ಜನವರಿಯಲ್ಲಿ ಜಾನ್ ಎವರ್‌ಶೆಡ್ ಅಲ್ಲಿ ಸೂರ್ಯನ ಕಲೆಗಳ ಬೆಳಕನ್ನು ಬಿಡಿಸಿ ನೋಡುತ್ತಿದ್ದ. ಅದಕ್ಕೂ ಮುಂಚಿನ ವರ್ಷ ಅಮೆರಿಕದ ಹೇಲ್ ಎಂಬ ವಿಜ್ಞಾನಿ ಸೂರ್ಯನ ಕಲೆಗಳಲ್ಲಿ ಬಲವಾದ ಕಾಂತತ್ವವನ್ನು ಕಂಡಿದ್ದ. ಕಲೆ ಎಂದರೆ ಅಲ್ಲಿ ಅನಿಲ ಸುಳಿಯಾಗಿ ಸುತ್ತುತ್ತಿರಬೇಕು ಎಂಬ ಊಹೆ ಬಲವಾಗಿತ್ತು. ಸುಳಿ ಇದ್ದರೆ ಗೆರೆಗಳು ಹೇಗೆ ಸರಿಯಬೇಕು ಎಂಬುದನ್ನು ಮೊದಲೇ ಹೇಳಬಹುದು. ಎವರ್‌ಶೆಡ್‌ಗೆ ಕಂಡದ್ದು ಬೇರೆಯೇ. ಸೂರ್ಯಬಿಂಬದ ಅಂಚಿಗೆ ಹತ್ತಿರವಿದ್ದ ಕಲೆಯಲ್ಲಿ, ಬಿಂಬದ ನಡುವಿನ ಕಡೆಗಿರುವ ಅರ್ಧದ ಗೆರೆಗಳು ನೀಲಿಯತ್ತ ಸರಿದಿದ್ದವು, ಅಂಚಿನ ಕಡೆಗಿರುವ ಅರ್ಧದ ಗೆರೆಗಳು ಕೆಂಪಿನತ್ತ. ಕಲೆ ಬಿಂಬದ ನಟ್ಟನಡುವೆ ಇದ್ದಾಗ ಸರಿತವೇ ಇಲ್ಲ. ಇದರ ಅರ್ಥ ಇಷ್ಟೇ: ಅನಿಲ ಸುತ್ತುತ್ತಿಲ್ಲ. ಕಲೆಯ ಕಪ್ಪು ನಡುವಿನಿಂದ ಹೊರಟು, ಸೂರ್ಯನ ಮೈಗುಂಟ, ಎಲ್ಲ ದಿಕ್ಕಿಗೂ ಹೊರಗೆ ಹರಿಯುತ್ತಿದೆ. ವೇಗ ಸೆಕೆಂಡಿಗೆ ಸುಮಾರು ಎರಡು ಕಿಲೋಮೀಟರ್. ಕಲೆ ನಟ್ಟನಡುವೆ ಬಂದಾಗ ಆ ಹರಿವು ನಮ್ಮ ನೋಟಕ್ಕೆ ಅಡ್ಡಡ್ಡವಾಗುತ್ತದೆ. ನಮ್ಮತ್ತಲೂ ಅಲ್ಲ, ಆಚೆಗೂ ಅಲ್ಲ, ಅದಕ್ಕೇ ಶ್ರುತಿ ಅಲುಗುವುದಿಲ್ಲ.

ಇಡೀ ಜಗತ್ತು ಇಂದು ಅದನ್ನು ಎವರ್‌ಶೆಡ್ ಪರಿಣಾಮ ಎಂದೇ ಕರೆಯುತ್ತದೆ. ಎರಡು ಕಿಲೋಮೀಟರ್ ವೇಗಕ್ಕೆ ಗೆರೆ ಸರಿಯುವುದು ಅದರ ಅಲೆಯುದ್ದದ ಒಂದೂವರೆ ಲಕ್ಷದಲ್ಲಿ ಒಂದು ಪಾಲು ಎಂಬುದನ್ನು ನೆನಪಿಟ್ಟುಕೊಂಡರೆ ಆ ಬೆಟ್ಟದ ಮೇಲೆ ಎಂಥ ಶ್ರದ್ಧೆಯ ಕೆಲಸ ನಡೆಯಿತೆಂದು ತಿಳಿಯುತ್ತದೆ. ಕೊಡೈಕೆನಾಲಿಗೆ ಹೋಗುವ ನಮ್ಮ ಪ್ರವಾಸಿಗಳು ಸರೋವರ ನೋಡಿ ಬರುತ್ತಾರೆ. ವೀಕ್ಷಣಾಲಯವನ್ನೂ ನೋಡಿ ಬರಬೇಕು ಎಂದು ನಾನು ಹೇಳುತ್ತೇನೆ.

ಅದೇ ಕಾಲಕ್ಕೆ ಅಮೆರಿಕದ ಲೋವೆಲ್ ವೀಕ್ಷಣಾಲಯದಲ್ಲಿ ಸ್ಲೈಫರ್ ದೂರದ ನೀಹಾರಿಕೆಗಳ ಗೆರೆಗಳನ್ನು ಅಳೆಯುತ್ತಿದ್ದ. 1912ರಲ್ಲಿ ಆಂಡ್ರೋಮಿಡಾ ಸೆಕೆಂಡಿಗೆ ಮುನ್ನೂರು ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿರುವುದನ್ನು ಕಂಡ. ಉಳಿದವುಗಳಲ್ಲಿ ಬಹುಪಾಲು ದೂರ ಸರಿಯುತ್ತಿದ್ದವು. ವಿಶ್ವ ಹಿಗ್ಗುತ್ತಿದೆ ಎಂಬ ತಿಳಿವಳಿಕೆಗೆ ಅದು ಮೊದಲ ಮೆಟ್ಟಿಲು. ಅತಿ ದೂರದ ಗೆಲಾಕ್ಸಿಗಳ ಬೆಳಕು ಕೆಂಪಾಗುವುದಕ್ಕೆ ದಾರಿಯುದ್ದಕ್ಕೂ ಅವಕಾಶವೇ ಹಿಗ್ಗಿದ್ದು ಕಾರಣ. ರೈಲಿನ ಲೆಕ್ಕವನ್ನು ಅಲ್ಲಿಗೆ ಹಾಗೆಯೇ ಒಯ್ಯಲಾಗದು. ಅದು ಇನ್ನೊಂದು ಭಾಷಣದ ವಿಷಯ.

1995ರಲ್ಲಿ ಮಿಷೆಲ್ ಮೇಯರ್ ಮತ್ತು ಡಿಡಿಯೆ ಕೆಲೋ ಎಂಬ ಸ್ವಿಸ್ ವಿಜ್ಞಾನಿಗಳು ಫ್ರಾನ್ಸಿನ ದೂರದರ್ಶಕವೊಂದರಿಂದ 51 ಪೆಗಾಸಿ ಎಂಬ ನಕ್ಷತ್ರವನ್ನು ನೋಡುತ್ತಿದ್ದರು. ಸುಮಾರು ಐವತ್ತು ಜ್ಯೋತಿರ್ವರ್ಷ ದೂರದ್ದು, ನಮ್ಮ ಸೂರ್ಯನಂಥದ್ದು. ಅದರ ಗೆರೆಗಳು ನಾಲ್ಕು ದಿನಕ್ಕೊಮ್ಮೆ ಅತ್ತಿತ್ತ ಓಲಾಡುತ್ತಿದ್ದವು. ನಕ್ಷತ್ರ ಸೆಕೆಂಡಿಗೆ ಐವತ್ತು ಅರವತ್ತು ಮೀಟರ್ ವೇಗದಲ್ಲಿ ನಮ್ಮತ್ತ ಬಂದು, ಮತ್ತೆ ಅಷ್ಟೇ ವೇಗದಲ್ಲಿ ಹಿಂದೆ ಹೋಗುತ್ತಿತ್ತು. ಕಣ್ಣಿಗೆ ಕಾಣದ ಗ್ರಹವೊಂದು ಅದನ್ನು ಸುತ್ತುತ್ತಾ ಎಳೆದಾಡುತ್ತಿತ್ತು. ಬೆಳಕಿನ ಶ್ರುತಿಯಲ್ಲಿ ಐವತ್ತು ಲಕ್ಷಕ್ಕೆ ಒಂದು ಪಾಲಿನ ವ್ಯತ್ಯಾಸ ಅದು. ಸೂರ್ಯನಂಥ ಇನ್ನೊಂದು ನಕ್ಷತ್ರಕ್ಕೂ ಗ್ರಹವಿದೆ ಎಂಬುದು ಮನುಷ್ಯನಿಗೆ ತಿಳಿದದ್ದು ಹೀಗೆ. ಆ ಇಬ್ಬರಿಗೂ 2019ರಲ್ಲಿ ನೊಬೆಲ್ ಬಂತು. ನಮ್ಮ ಭೂಮಿ ಸೂರ್ಯನನ್ನು ಹೀಗೆ ಅಲುಗಿಸುವುದು ಸೆಕೆಂಡಿಗೆ ಬರೀ ಒಂಬತ್ತು ಸೆಂಟಿಮೀಟರಿನಷ್ಟು. ಇಂದಿನ ಖಗೋಳಜ್ಞರು ಹಿಡಿಯಹೊರಟಿರುವುದು ಅಂಥ ಸೂಕ್ಷ್ಮವನ್ನು.

ಇನ್ನು ನಮ್ಮದೇ ಮಾಧ್ಯಮಕ್ಕೆ, ರೇಡಿಯೋಗೆ ಬರೋಣ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಅದು 20.005 ಮೆಗಾಹರ್ಟ್ಜ್‌ನಲ್ಲಿ ಬೀಪ್ ಬೀಪ್ ಎನ್ನುತ್ತಾ ಭೂಮಿಯನ್ನು ಸುತ್ತಿತು. ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಗೈಯರ್ ಮತ್ತು ವೈಫೆನ್‌ಬಾಕ್ ಎಂಬ ಇಬ್ಬರು ತರುಣರು ಆ ಸದ್ದನ್ನು ಟೇಪಿನಲ್ಲಿ ಹಿಡಿದರು. ಉಪಗ್ರಹ ದಿಗಂತದಿಂದ ಮೇಲೆದ್ದು, ತಲೆಯ ಮೇಲೆ ಹಾದು, ಮುಳುಗುವಷ್ಟರಲ್ಲಿ ಅದರ ಕಂಪನಾಂಕ ಸುಮಾರು ಸಾವಿರ ಹರ್ಟ್ಜ್ ಇಳಿಯುತ್ತಿತ್ತು. ಸ್ವರಕ್ಕೆ ದೂರದ ಗೊಡವೆಯಿಲ್ಲ ಎಂದು ಮೊದಲೇ ಹೇಳಿದೆನಲ್ಲ, ಅದಕ್ಕೆ ಒಂದು ಸೊಗಸಾದ ತಿದ್ದುಪಡಿ ಇಲ್ಲಿದೆ. ಸ್ವರ ದೂರವನ್ನು ಹೇಳದಿದ್ದರೂ ಅದು ಜಾರುವ ರೀತಿ ಹೇಳುತ್ತದೆ. ಹತ್ತಿರದಲ್ಲಿ ಹಾದುಹೋದರೆ ಜಾರು ಕಡಿದು, ದೂರದಲ್ಲಿ ಹಾದರೆ ನಿಧಾನ. ಆ ಜಾರುವಿಕೆಯೊಂದರಿಂದಲೇ ಅವರಿಬ್ಬರೂ ಸ್ಪುಟ್ನಿಕ್‌ನ ಇಡೀ ಪಥವನ್ನು ಲೆಕ್ಕ ಹಾಕಿದರು. ಮರುವರ್ಷ ಅವರ ಹಿರಿಯ ಸಹೋದ್ಯೋಗಿ ಮೆಕ್ಲೂರ್ ಪ್ರಶ್ನೆಯನ್ನು ತಿರುಗಿಸಿದ: ಕೇಳುವವನ ಸ್ಥಾನ ಗೊತ್ತಿದ್ದು ಉಪಗ್ರಹದ ಪಥ ಸಿಗುವುದಾದರೆ, ಪಥ ಗೊತ್ತಿದ್ದಾಗ ಕೇಳುವವನ ಸ್ಥಾನ ಸಿಗಬೇಡವೇ? ನಡುಸಮುದ್ರದ ಹಡಗಿಗೆ ದಾರಿ ತೋರುವ ಟ್ರಾನ್ಸಿಟ್ ಉಪಗ್ರಹಗಳು ಹುಟ್ಟಿದ್ದು ಆ ಪ್ರಶ್ನೆಯಿಂದ. ಜಿಪಿಎಸ್‌ಗೂ ಮುಂಚಿನ ಆ ವ್ಯವಸ್ಥೆ 1996ರವರೆಗೆ ಕೆಲಸ ಮಾಡಿತು.

ಕಾರಿನಲ್ಲಿ ಕುಳಿತು 101.3 ಮೆಗಾಹರ್ಟ್ಜ್‌ನ ಎಫ್ಎಂ ಕೇಳುವವರಿಗೂ ಇದು ಅನ್ವಯಿಸುತ್ತದೆ. ಪ್ರಸಾರ ಗೋಪುರದ ಕಡೆಗೆ ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೊರಟವರ ರೇಡಿಯೋಗೆ ಸೆಕೆಂಡಿಗೆ ಏಳು ಅಲೆ ಹೆಚ್ಚಾಗಿ ಬರುತ್ತವೆ. ಹತ್ತು ಕೋಟಿ ಹದಿಮೂರು ಲಕ್ಷ ಅಲೆಗಳ ಜೊತೆಗೆ ಏಳು. ಯಂತ್ರ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಬಾಹ್ಯಾಕಾಶ ನೌಕೆಗಳನ್ನು ಹಿಂಬಾಲಿಸುವವರು ಮಾತ್ರ ಅಂಥ ಏಳನ್ನೂ ಬಿಡುವುದಿಲ್ಲ. ಬೆಂಗಳೂರಿನ ಬಳಿಯ ಬ್ಯಾಲಾಳಿನಲ್ಲಿ ಚಂದ್ರಯಾನಕ್ಕೆಂದು ಕಟ್ಟಿದ ದೊಡ್ಡ ತಟ್ಟೆ ಆಂಟೆನಾಗಳು ನೌಕೆಯ ವೇಗವನ್ನು ತಿಳಿಯುವುದು ಅದರ ರೇಡಿಯೋ ಶ್ರುತಿಯಿಂದಲೇ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಮ್ ಚಂದ್ರನ ಮೇಲೆ ಇಳಿಯುವಾಗ ನಾವೆಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಅದೇ ಹೊತ್ತಿಗೆ ನೆದರ್ಲೆಂಡ್ಸ್‌ನ ಡ್ವಿಂಗೆಲೊ ಎಂಬಲ್ಲಿ ಇಪ್ಪತ್ತೈದು ಮೀಟರಿನ ಹಳೆಯ ರೇಡಿಯೋ ದೂರದರ್ಶಕವೂ ವಿಕ್ರಮ್‌ನ ದನಿಯನ್ನು ಕೇಳುತ್ತಿತ್ತು. ಇಳಿಯುತ್ತಾ ವೇಗ ತಗ್ಗಿದ ಹಾಗೆ ಶ್ರುತಿ ಬದಲಾಗುವುದು ಅಲ್ಲಿಯ ಗ್ರಾಫಿನಲ್ಲಿ ಗೆರೆಯಾಗಿ ಮೂಡಿತು, ಕೊನೆಗೆ ಗೆರೆ ನಿಂತುಹೋಯಿತು. ಕಹಳೆಯ ಪ್ರಯೋಗ ನಡೆದ ದೇಶದಲ್ಲೇ ನಮ್ಮ ನೌಕೆಯ ಕೊನೆಯ ಸ್ವರವನ್ನೂ ಕೇಳಿಸಿಕೊಂಡರು. ಮುಂದಿನ ಸಲ, ಚಂದ್ರಯಾನ-3ರಲ್ಲಿ, ವಿಜ್ಞಾನಿಗಳು ಹೊಸ ವಿಕ್ರಮ್‌ಗೆ ತನ್ನ ವೇಗವನ್ನು ತಾನೇ ತಿಳಿಯುವ ಇನ್ನೊಂದು ಉಪಕರಣ ಕೊಟ್ಟರು. ಅದು ಲೇಸರ್ ಡಾಪ್ಲರ್ ವೇಗಮಾಪಕ, ಇಸ್ರೋದ ಬೆಂಗಳೂರಿನ ಪ್ರಯೋಗಾಲಯದಲ್ಲಿ ತಯಾರಾದದ್ದು. ಚಂದ್ರನ ನೆಲಕ್ಕೆ ಬೆಳಕು ಬೀರಿ, ಮರಳಿ ಬಂದ ಬೆಳಕಿನ ಶ್ರುತಿಯನ್ನು ಕಳಿಸಿದ ಶ್ರುತಿಯೊಡನೆ ಹೋಲಿಸುವುದು ಅದರ ಕೆಲಸ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಸುರಕ್ಷಿತವಾಗಿ ಇಳಿಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಡಾಪ್ಲರ್ ಮಾಡಿಸಿಕೊಂಡು ಬನ್ನಿ ಎನ್ನುತ್ತಾರಲ್ಲ, ಅದೂ ಇದೇ. ನಮ್ಮ ಕಿವಿಗೆ ನಿಲುಕದ ಇಪ್ಪತ್ತು ಲಕ್ಷ ಕಂಪನದ ಸದ್ದನ್ನು ಮೈಯೊಳಗೆ ಕಳಿಸುತ್ತಾರೆ. ಸೆಕೆಂಡಿಗೆ ಅರ್ಧ ಮೀಟರ್ ಹರಿಯುವ ರಕ್ತದ ಕಣಗಳಿಗೆ ತಾಗಿ ಮರಳುವಾಗ ಅದರ ಶ್ರುತಿಯಲ್ಲಿ ಸುಮಾರು 1300 ಹರ್ಟ್ಜ್ ವ್ಯತ್ಯಾಸವಾಗುತ್ತದೆ. ಆ ವ್ಯತ್ಯಾಸ ಮನುಷ್ಯನ ಕಿವಿಯ ಮಿತಿಯೊಳಗೇ ಇದೆ. ಅದನ್ನು ನೇರವಾಗಿ ಸ್ಪೀಕರಿಗೆ ಕೊಟ್ಟರೆ ಸಾಕು, ರಕ್ತ ಹರಿಯುವ ಲಯ ಕೋಣೆಯಲ್ಲಿ ಕೇಳುತ್ತದೆ. ನಾಳ ಕಿರಿದಾದ ಕಡೆ ರಕ್ತ ರಭಸವಾಗಿ ನುಗ್ಗುತ್ತದೆ, ಸ್ವರ ಏರುತ್ತದೆ. ವೈದ್ಯರು ಅದನ್ನು ಕೇಳಿಯೇ ತೊಂದರೆಯ ಜಾಗ ಗುರುತಿಸುತ್ತಾರೆ. ಜಪಾನಿನ ಒಸಾಕಾದಲ್ಲಿ ಸಾಟೊಮುರಾ ಎಂಬ ವಿಜ್ಞಾನಿ 1950ರ ದಶಕದಲ್ಲಿ ಹೃದಯದ ಮೇಲೆ ಈ ಪ್ರಯೋಗವನ್ನು ಶುರುಮಾಡಿದ. ಇಂದು ಹೊಟ್ಟೆಯಲ್ಲಿರುವ ಕೂಸಿಗೆ ಹೊಕ್ಕುಳಬಳ್ಳಿಯಿಂದ ರಕ್ತ ಸರಿಯಾಗಿ ಹೋಗುತ್ತಿದೆಯೇ ಎಂದು ತಿಳಿಯಲು ಇದಕ್ಕಿಂತ ನಿರಪಾಯದ ದಾರಿ ಇನ್ನೊಂದಿಲ್ಲ.

ಕೊನೆಯದಾಗಿ, ಈ ವಿದ್ಯೆಯನ್ನು ನಮಗಿಂತ ಲಕ್ಷಾಂತರ ವರ್ಷ ಮುಂಚೆಯೇ ಬಲ್ಲ ಜೀವಿಗಳ ಮಾತು. ಕೀಟ ಹಿಡಿದು ತಿನ್ನುವ ಚಿಕ್ಕ ಬಾವಲಿಗಳು, ನಮ್ಮ ಹಳ್ಳಿಗಳಲ್ಲಿ ಕಣ್ಕಪ್ಪಡಿ ಎನ್ನುವಂಥವು, ಕತ್ತಲಲ್ಲಿ ಕೂಗಿ ಅದರ ಮಾರ್ದನಿಯಿಂದ ದಾರಿ ಕಾಣುತ್ತವೆ ಎಂಬುದು ನಿಮಗೆ ಗೊತ್ತು. ಅವುಗಳಲ್ಲಿ ಕುದುರೆಲಾಳದ ಮೂಗಿನ ಬಾವಲಿ ಎಂಬ ಒಂದು ಬಗೆ ಇದೆ. ಯೂರೋಪಿನ ದೊಡ್ಡ ಜಾತಿಯದು ಕುಳಿತಲ್ಲಿ ಸೆಕೆಂಡಿಗೆ ಸುಮಾರು 83,000 ಕಂಪನದ ಒಂದೇ ಸ್ವರದಲ್ಲಿ ಕೂಗುತ್ತದೆ. ಅದರ ಕಿವಿ ಆ ಒಂದು ಸ್ವರಕ್ಕೆ ಅತ್ಯಂತ ಚುರುಕು. ಹಾರುವಾಗ ಮಾತ್ರ ತೊಂದರೆ. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಹಾರಿದರೆ ಮುಂದಿನ ಮರಕ್ಕೆ ತಾಗಿ ಬರುವ ಮಾರ್ದನಿ ಎರಡು ಸಾವಿರಕ್ಕೂ ಹೆಚ್ಚು ಕಂಪನ ಏರಿಬಿಡುತ್ತದೆ, ಕಿವಿಯ ಚುರುಕು ಜಾಗ ತಪ್ಪುತ್ತದೆ. ಆಗ ಬಾವಲಿ ತನ್ನ ಕೂಗನ್ನೇ ಅಷ್ಟು ತಗ್ಗಿಸುತ್ತದೆ. ಮಾರ್ದನಿ ಸರಿಯಾಗಿ 83,000ಕ್ಕೆ ಬಂದು ನಿಲ್ಲುವಷ್ಟು. ಜರ್ಮನಿಯ ಶ್ನಿಟ್ಸ್ಲರ್ ಇದನ್ನು 1968ರಲ್ಲಿ ತೋರಿಸಿದರು. ನಾವು ಮೂಲ ಶ್ರುತಿಯನ್ನು ಹಿಡಿದು ಬಂದ ಶ್ರುತಿಯನ್ನು ಅಳೆಯುತ್ತೇವೆ. ಬಾವಲಿ ಬರಬೇಕಾದ ಶ್ರುತಿಯನ್ನು ಹಿಡಿದು ಮೂಲವನ್ನೇ ತಿದ್ದುತ್ತದೆ. ಮಾರ್ದನಿ ಹೀಗೆ ಸ್ಥಿರವಾಗಿದ್ದರೆ, ಅದರಲ್ಲಿ ಪತಂಗವೊಂದು ರೆಕ್ಕೆ ಬಡಿದ ಸಣ್ಣ ಕಂಪವೂ ಎದ್ದು ಕೇಳುತ್ತದೆ. ಎಲೆಯ ಗಲಾಟೆಯ ನಡುವೆ ಆಹಾರ ಸಿಗುವುದು ಹಾಗೆ.

ಕುದುರೆಲಾಳದ ಬಾವಲಿಯ ಹತ್ತಿರದ ನೆಂಟರು ಎಲೆಮೂಗಿನ ಬಾವಲಿಗಳು. ಅವೂ ಒಂದೇ ಸ್ವರದ ಕೂಗಿನವು, ದಕ್ಷಿಣ ಭಾರತದ ಎಲೆಮೂಗಿನ ಬಾವಲಿಗಳಲ್ಲಿ ಶ್ರುತಿ ತಿದ್ದುವ ಈ ಗುಣವನ್ನು ವಿಜ್ಞಾನಿಗಳು ಕಂಡಿದ್ದಾರೆ. ಆ ಕುಲದ ಒಂದು ಜಾತಿ ಕೋಲಾರದ ಹೆಸರನ್ನೇ ಹೊತ್ತಿದೆ, ಕೋಲಾರದ ಎಲೆಮೂಗಿನ ಬಾವಲಿ. ಇಡೀ ಜಗತ್ತಿನಲ್ಲಿ ಅದು ಈಗ ವಾಸವಿರುವುದು ಗೊತ್ತಿರುವುದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಒಂದೇ ಒಂದು ಗುಹೆಯಲ್ಲಿ. ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಅದಕ್ಕೆ ಅತಿ ಅಪಾಯದ ಸ್ಥಾನ ಸಿಕ್ಕಿದೆ. ಸುತ್ತಲಿನ ಬಂಡೆಗಳಲ್ಲಿ ಗ್ರಾನೈಟ್ ತೆಗೆಯುವ ಕೆಲಸ ಅದರ ನೆಲೆಗೇ ಕುತ್ತು ತಂದಿತ್ತು. ಕೋಲಾರದ ಕಡೆಯ ಕೇಳುಗರಲ್ಲಿ, ಅಧಿಕಾರದಲ್ಲಿರುವವರಲ್ಲಿ ನನ್ನ ವಿನಂತಿ ಇಷ್ಟು: ಆ ಗುಹೆಯ ಸುತ್ತ ಸಿಡಿಮದ್ದು ಇಡಲು ಬಿಡಬೇಡಿ, ಕುತೂಹಲಕ್ಕೆಂದು ಟಾರ್ಚ್ ಹಿಡಿದು ಒಳಗೆ ಹೋಗಬೇಡಿ, ಹೋಗುವವರನ್ನು ತಡೆಯಿರಿ.